ದೊರೆ ಪಡುವಣಕ್ಕೆ ನೆಟ್ಟ ಮರಗಳು

ನಾನು ಅತಿ ಚೆನ್ನಾಗಿ ಬಲ್ಲ ಗಂಡಸು ಯಾರೆಂದು ಕೇಳಿದರೆ ನನ್ನ ಗಂಡ ಎನ್ನುವುದು ಮರ್ಯಾದೆ. ನಿಜ ಹೇಳಬೇಕೆಂದರೆ ಅದು ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ದೊರೆ. ಹಳ್ಳಿಯಲ್ಲಿ ದೊಡ್ಡ ಬಂಗಲೆ, ಸುತ್ತ ಗೇಣಿದಾರರು, ಲಾಯದ ತುಂಬ ಕುದುರೆಗಳು, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಒಂದು ಕುರ್ಚಿ. ಅವನು ಸತ್ತು ನೂರು ವರ್ಷದ ಮೇಲಾಯಿತು. ಅವನನ್ನು ನಾನು ಅರ್ಥ ಮಾಡಿಕೊಂಡಷ್ಟು ಅವನ ಹೆಂಡತಿಯೂ ಮಾಡಿಕೊಂಡಿರಲಾರಳು. ಹಾಗೆ ಅರ್ಥವಾದದ್ದು ನನ್ನ ಎಂಎ ಓದಿನಿಂದ ಎಂದು ಹೇಳಿಕೊಳ್ಳಲು ಆಸೆಯಿದೆ. ಆದರೆ ಅದು ಹೊಟ್ಟೆಕಿಚ್ಚಿನಿಂದ. ಇದನ್ನು ಬರೆಯಲು ನನಗೆ ನಾಚಿಕೆಯೇನೂ ಇಲ್ಲ.

ಗಂಡನ ಕಂಪನಿ ಅವರನ್ನು ಟೋಕಿಯೋಗೆ ಕಳಿಸಿದಾಗ ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಗಳನ್ನು ಪಾಠ ಮಾಡುತ್ತಿದ್ದೆ. ಬಿಟ್ಟು ಬಂದೆ. ಟೋಕಿಯೋದ ಅಂಚಿನ ಗ್ಯೋಟೋಕುವಿನಲ್ಲಿ ಮನೆ ಮಾಡಿದೆವು. ಬೆಳಿಗ್ಗೆ ಗಂಡಂದಿರೆಲ್ಲ ತೋಜಾಯ್ ಲೈನಿನ ರೈಲಿನಲ್ಲಿ ನುಗ್ಗಿಕೊಂಡು ಹೋದ ಮೇಲೆ ನಾವು ಹೆಂಗಸರು ಮಕ್ಕಳನ್ನು ಶಾಲೆಗೆ ಬಿಟ್ಟು, ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ಬಂತೇ ಎಂದು ವಿಚಾರಿಸಿಕೊಂಡು ಮನೆಗೆ ಬರುತ್ತಿದ್ದೆವು. ಆ ಊರಿನಲ್ಲಿ ನನ್ನ ವಿದ್ಯೆ ಯಾರಿಗೂ ಬೇಕಿರಲಿಲ್ಲ. ಒಂದು ಕಡೆ ಇಂಗ್ಲಿಷ್ ಕಲಿಸಲು ಕರೆದರು. ಹೋಗಿ ನೋಡಿದರೆ ಚಿಕ್ಕ ಮಕ್ಕಳ ಎದುರು ಆನೆಯ ಮುಖವಾಡ ಹಾಕಿಕೊಂಡು ಹಾಡಬೇಕಿತ್ತು. ಎರಡನೇ ದಿನ ಹೋಗಲಿಲ್ಲ.

ಹೀಗಿರುವಾಗ ನಮ್ಮ ಬಡಾವಣೆಯ ಕೋಮಿನ್‌ಕಾನ್‌ನಲ್ಲಿ, ಅಂದರೆ ಊರವರ ಸಭಾಭವನದಲ್ಲಿ, ಒಂದು ಸಣ್ಣ ಪ್ರಕಟಣೆ ಕಣ್ಣಿಗೆ ಬಿತ್ತು. ಫೋನಿನ ಕ್ಯಾಮೆರಾ ಹಿಡಿದು ಅನುವಾದಿಸಿಕೊಂಡೆ. ಇಂಗ್ಲೆಂಡಿನ ಒಬ್ಬ ಹಳ್ಳಿಯ ದೊರೆಯ ಬಾಳನ್ನು ಓದುವ ಕೂಟ, ಪ್ರತಿ ಗುರುವಾರ ಬೆಳಿಗ್ಗೆ. ಜಪಾನಿನಲ್ಲಿ ಇಂಥದ್ದಕ್ಕೂ ಒಂದು ಕೂಟ ಇರುತ್ತದೆ.

ಕೂಟ ನಡೆಸುತ್ತಿದ್ದವರನ್ನು ಎಲ್ಲರೂ ಸೆನ್ಸೇ ಎನ್ನುತ್ತಿದ್ದರು. ಆದರೆ ಅವರು ಯಾವ ಶಾಲೆಯ ಮೇಷ್ಟರೂ ಆಗಿದ್ದವರಲ್ಲ. ವ್ಯಾಪಾರದ ಕಂಪನಿಯೊಂದರಿಂದ ನಿವೃತ್ತರಾದವರು. ಹರೆಯದಲ್ಲಿ ಕಂಪನಿ ಅವರನ್ನು ಕೆಲವು ವರ್ಷ ಇಂಗ್ಲೆಂಡಿಗೆ ಕಳಿಸಿತ್ತು. ಅಲ್ಲಿ ಅವರು ಬಾಡಿಗೆಗಿದ್ದ ಹಳ್ಳಿಯ ಚರ್ಚಿನಲ್ಲಿ ಈ ದೊರೆಯ ಸಮಾಧಿ, ಅದರ ಮೇಲೆ ಗೋಡೆಯುದ್ದಕ್ಕೂ ಹೊಗಳಿಕೆ. ಇಷ್ಟು ಹೊಗಳಿಸಿಕೊಂಡವನ ಹೆಸರನ್ನು ಪಕ್ಕದ ಊರಿನಲ್ಲೇ ಯಾರೂ ಕೇಳಿಲ್ಲವಲ್ಲ ಎಂದು ಸೆನ್ಸೇಗೆ ಸೋಜಿಗವಾಯಿತಂತೆ. ನಿವೃತ್ತರಾದ ಮೇಲೆ ಆ ಜಿಲ್ಲೆಯ ಹಳೆಯ ಪತ್ರಿಕೆಗಳು, ಪಾರ್ಲಿಮೆಂಟಿನ ಭಾಷಣಗಳು, ಜಮೀನಿನ ನಕ್ಷೆಗಳು ಎಲ್ಲದರ ಪ್ರತಿ ತರಿಸಿಕೊಂಡು ದೊರೆಯ ಜೀವನಚರಿತ್ರೆಯನ್ನು ಜಪಾನೀ ಭಾಷೆಯಲ್ಲಿ ಬರೆಯತೊಡಗಿದ್ದರು. ನಿವೃತ್ತ ಹಲ್ಲಿನ ಡಾಕ್ಟರೊಬ್ಬರೂ ಅವರ ಹೆಂಡತಿಯೂ ಜೊತೆಗಿದ್ದರು. ಕೂಟ ಎಂದರೆ ಅಷ್ಟೇ.

ನಾನು ಹೋದ ದಿನ ಹಳೆಯ ಪತ್ರಿಕೆಯ ಒಂದು ತುಣುಕು ಮೇಜಿನ ಮೇಲಿತ್ತು. ಹಳೆಗಾಲದ ಉದ್ದುದ್ದ ಇಂಗ್ಲಿಷು. ಬಾರ್ಲಿಯ ಮೇಲಿನ ತೆರಿಗೆಯನ್ನು ವಿರೋಧಿಸಿ ದೊರೆ ಮಾಡಿದ ಭಾಷಣ. ಅವರೆಲ್ಲ ಒಂದು ವಾಕ್ಯಕ್ಕೆ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದರು. ನಾನು ಗಡಗಡನೆ ಓದಿ, ಎಲ್ಲಿ ವ್ಯಂಗ್ಯ, ಎಲ್ಲಿ ಸುಮ್ಮನೆ ಗಾಳಿಮಾತು ಎಂದು ಬಿಡಿಸಿ ಹೇಳಿದೆ. ಸೆನ್ಸೇ ಎದ್ದು ನಿಂತು ತಲೆಬಾಗಿದರು. ಡಾಕ್ಟರ ಹೆಂಡತಿ ಚಪ್ಪಾಳೆ ತಟ್ಟಿದರು. ಮೈಸೂರು ಬಿಟ್ಟ ಮೇಲೆ ನನಗೆ ಅಷ್ಟು ಖುಷಿಯಾದದ್ದು ಅದೇ ಮೊದಲು. ಮನೆಗೆ ಬಂದು ಗಂಡನಿಗೆ ಅದನ್ನೇ ಮೂರು ಸಲ ಹೇಳಿದೆ.

ಅಂದಿನಿಂದ ಗುರುವಾರ ನನ್ನ ದಿನವಾಯಿತು. ಬಾಗಿಲಿನಿಂದ ಅತಿ ದೂರದ, ಕಿಟಕಿಯ ಬಳಿಯ ಕುರ್ಚಿಯನ್ನು ನನಗೇ ಬಿಡುತ್ತಿದ್ದರು. ಉಳಿದವರು ಬಣ್ಣಗೆಟ್ಟ ಯಾವ್ಯಾವುದೋ ಲೋಟಗಳಲ್ಲಿ ಹಸಿರು ಚಹಾ ಕುಡಿದರೆ, ನನಗೆ ಮಾತ್ರ ಮುಚ್ಚಳವಿರುವ ತೆಳ್ಳನೆ ಪಿಂಗಾಣಿ ಬಟ್ಟಲು, ಅದರ ಕೆಳಗೆ ಮರದ ತಟ್ಟೆ. ನಾನು ಏನು ಹೇಳಿದರೂ ಸೆನ್ಸೇ ತಲೆದೂಗಿ, ತಮ್ಮ ನಿಧಾನವಾದ ಇಂಗ್ಲಿಷಿನಲ್ಲಿ "ನೀವು ಬಂದದ್ದು ನಮ್ಮ ಭಾಗ್ಯ" ಎನ್ನುತ್ತಿದ್ದರು. ಒಂದು ದಿನವೂ ನನ್ನ ಮಾತನ್ನು ತಿದ್ದಲಿಲ್ಲ. ನಾನು ಉಬ್ಬಿಹೋಗಿದ್ದೆ.

ದೊರೆಯದೂ ಇಂಥದೇ ಬಾಳು. ಜಿಲ್ಲೆಯಲ್ಲಿ ದನದ ಜಾತ್ರೆಯಾಗಲಿ, ಹೊಸ ಸೇತುವೆಯಾಗಲಿ, ಅಧ್ಯಕ್ಷತೆಗೆ ಅವನೇ. ಊಟದ ಮನೆಗಳಲ್ಲಿ ಮನೆಯೊಡತಿಯ ಬಲಗಡೆಯ ಕುರ್ಚಿ ಅವನದೇ. ಮೊಲ ಕದ್ದವರನ್ನು ಜೈಲಿಗೆ ಹಾಕುವ ನ್ಯಾಯಪೀಠದಲ್ಲೂ ಅವನೇ. ಸಭೆ ಮುಗಿದಾಗಲೆಲ್ಲ ಅವನಿಗೆ ವಂದನಾರ್ಪಣೆ, ಕರತಾಡನ. ಆದರೆ ಮಂತ್ರಿ ಪದವಿಗೆ ಮಾತ್ರ ಅವನನ್ನು ಯಾರೂ ಕರೆಯಲಿಲ್ಲ. ಅವನ ಪಕ್ಕದ ಜಮೀನನ್ನು ಕೊಂಡವನೊಬ್ಬನಿದ್ದ, ಬಿಯರ್ ಮಾಡುವವನ ಮೊಮ್ಮಗ. ಮೈಮೇಲೆ ಬಟ್ಟೆ ಸರಿಯಿಲ್ಲ, ಮಾತು ಒರಟು, ದೊರೆಯದೇ ಪಕ್ಷ. ಪಕ್ಷದ ನಾಯಕ ಅವನನ್ನು ಎಲ್ಲರೆದುರು ಗದರುತ್ತಿದ್ದ. ಕೊನೆಗೆ ಮಂತ್ರಿ ಮಾಡಿದ್ದೂ ಅವನನ್ನೇ. ಇದೆಲ್ಲ ಪತ್ರಿಕೆಯಲ್ಲಿತ್ತು, ನಾನೇ ಓದಿ ಹೇಳಿದ್ದೆ. ಆಗ ನನಗೆ ಏನೂ ಅನ್ನಿಸಿರಲಿಲ್ಲ.

ಈ ಮಧ್ಯೆ ನಮ್ಮ ಕಟ್ಟಡದ ಮೂರನೇ ಮಹಡಿಗೆ ಬೆಂಗಳೂರಿನ ಹುಡುಗಿಯೊಬ್ಬಳು ಬಂದಳು. ನನಗಿಂತ ಚಿಕ್ಕವಳು, ಎಂಜಿನಿಯರು, ಇಲ್ಲಿ ಇನ್ನೂ ಕೆಲಸಕ್ಕೆ ಸೇರಿರಲಿಲ್ಲ. ಬೆಂಗಳೂರಿನಲ್ಲೇ ಜಪಾನೀ ಕಂಪನಿಯ ಪ್ರಾಜೆಕ್ಟಿನಲ್ಲಿದ್ದು ಭಾಷೆ ಕಲಿತು, ಪರೀಕ್ಷೆಗಳನ್ನೂ ಪಾಸು ಮಾಡಿದ್ದಳು. ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಅವಳು ಕ್ಯಾಷಿಯರ್ ಜೊತೆ ನಕ್ಕು ಮಾತಾಡುವುದನ್ನು ನೋಡಿ ನಾನು ಹಾಲಿನ ಪೊಟ್ಟಣ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದೆ. ಅವಳನ್ನು ಗುರುವಾರದ ಕೂಟಕ್ಕೆ ಕರೆದುಕೊಂಡು ಹೋದವಳು ನಾನೇ. ಅವಳಿಗೆ ಬೇಸರ ಕಳೆಯಲಿ ಎಂದೇನಲ್ಲ. ಅಲ್ಲಿ ನನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ನಮ್ಮವರು ಒಬ್ಬರಾದರೂ ಕಣ್ಣಾರೆ ನೋಡಬೇಕಿತ್ತು.

ನೋಡಿದಳು. "ವಾವ್ ಅಕ್ಕಾ, ನೀವಿಲ್ಲಿ ವಿಐಪಿ!" ಎಂದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅವಳ ಗತಿ ಬೇರೆಯಾಗಿತ್ತು. ಎರಡು ವಾರ ಅವಳಿಗೂ ಮುಚ್ಚಳದ ಬಟ್ಟಲು ಬಂತು. ಆಮೇಲೆ ಸೆನ್ಸೇ ಅವಳನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ದೊರೆಯ ಒಂದು ಭಾಷಣವನ್ನು ಜಪಾನೀ ಭಾಷೆಗೆ ತರಲು ಹೇಳಿದರು. ತಂದಳು. ಸೆನ್ಸೇ ಕನ್ನಡಕ ಏರಿಸಿ, ಕೆಂಪು ಪೆನ್ಸಿಲು ತೆಗೆದುಕೊಂಡು ಗೀಚಿದರು ನೋಡಿ, ಹಾಳೆಯಲ್ಲಿ ಬಿಳಿ ಜಾಗವೇ ಉಳಿಯಲಿಲ್ಲ. "ಇದು ಜಪಾನೀ ಭಾಷೆಯೇ ಅಲ್ಲ. ಮತ್ತೆ ಬರೆದು ತಾ" ಎಂದು ಎಲ್ಲರೆದುರು ಹೇಳಿದರು. ಅವಳು "ಹಾಯ್, ಹಾಯ್" ಎಂದು, ಅಂದರೆ ಹೌದು ಹೌದೆಂದು, ಒಪ್ಪಿಕೊಂಡು ತಲೆ ತಗ್ಗಿಸಿದಳು. ಕುರ್ಚಿ ಸರಿಸುವುದು, ಚಹಾ ಬಗ್ಗಿಸುವುದು, ಕೊನೆಯಲ್ಲಿ ಮೇಜು ಒರೆಸುವುದು ಅವಳ ಪಾಲಿಗೆ ಬಂತು. ವಾಪಸು ಬರುವಾಗ "ಇವತ್ತೂ ನಂಗೆ ಮಂಗಳಾರತಿ ಆಯ್ತು ಅಕ್ಕಾ" ಎಂದು ನಗುತ್ತಿದ್ದಳು. "ವಯಸ್ಸಾದೋರು, ಮನಸ್ಸಿಗೆ ಹಚ್ಕೋಬೇಡ ಕಣೇ" ಎಂದು ನಾನು ದೊಡ್ಡವಳಂತೆ ಸಮಾಧಾನ ಹೇಳುತ್ತಿದ್ದೆ.

ಒಂದು ಗುರುವಾರ ಡಾಕ್ಟರ ಹೆಂಡತಿ ಅವಳಿಗೆ ಇನ್ನೊಂದು ಮಾತು ಹೇಳಿದರು. ಮುಂದಿನ ವಾರ ಬರುವಾಗ ಮನೆಯಿಂದ ನಿನ್ನ ಲೋಟ ತೆಗೆದುಕೊಂಡು ಬಾ, ಇಲ್ಲೇ ಇಟ್ಟಿರು ಎಂದು. ಅವಳು ಅದನ್ನು ನನಗೆ ಕನ್ನಡದಲ್ಲಿ ಹೇಳಿದಾಗ ನನ್ನ ಕಿವಿ ಬಿಸಿಯಾಯಿತು. ಮೈಸೂರಿನ ನಮ್ಮ ಮನೆಯಲ್ಲಿ ಕೆಲಸದವಳಿಗೆ ಎಂದು ಒಂದು ಸ್ಟೀಲ್ ಲೋಟವಿತ್ತು. ಹಿತ್ತಲ ಕಿಟಕಿಯ ಮೇಲೆ ಬೋರಲು ಹಾಕಿರುತ್ತಿತ್ತು. ಅವಳ ಕಾಫಿಗೆ ಅದೇ, ನಮ್ಮ ಯಾವ ಲೋಟದ ಜೊತೆಗೂ ಅದು ಸೇರುತ್ತಿರಲಿಲ್ಲ. ಬೇರೆ ಲೋಟ ಎಂದರೆ ನಮಗೆ ಗೊತ್ತಿದ್ದದ್ದು ಅದೊಂದೇ. ನಮ್ಮ ಹುಡುಗಿಗೆ ಹೀಗೆ ಮಾಡುವುದೇ ಎಂದು ಮೊದಲು ಸಿಟ್ಟು ಬಂತು. ಆಮೇಲೆ, ಸುಳ್ಳೇಕೆ ಹೇಳಲಿ, ಒಳಗೊಳಗೇ ಹಾಯೆನಿಸಿತು. ಕೊಂಬಿನಿಯಲ್ಲಿ ಅಷ್ಟು ನಕ್ಕವಳಿಗೆ ಬೇಕಿತ್ತು ಎಂದುಕೊಂಡೆ. ಅವಳು ಮಾತ್ರ ಮರುವಾರ ಹಳದಿ ಬಣ್ಣದ ದಪ್ಪ ಮಗ್ ಒಂದನ್ನು ತಂದು, ಕಪಾಟಿನಲ್ಲಿ ಸೆನ್ಸೇಯ ಲೋಟದ ಪಕ್ಕಕ್ಕೆ ಇಟ್ಟಳು.

ನನ್ನ ಕಣ್ಣು ತೆರೆಸಿದವಳು ಮಗಳು. ಅವಳ ಶಾಲೆಯಲ್ಲಿ ಭಾನುವಾರ ಆಟೋಟವಿತ್ತೆಂದು ವಾರದ ನಡುವೆ ರಜೆ ಕೊಟ್ಟಿದ್ದರು. ಒಬ್ಬಳನ್ನೇ ಮನೆಯಲ್ಲಿ ಬಿಡಲಾರದೆ ಕೂಟಕ್ಕೆ ಕರೆದೊಯ್ದಿದ್ದೆ. ಮೂಲೆಯಲ್ಲಿ ಚಿತ್ರ ಬರೆಯುತ್ತ ಕುಳಿತಿದ್ದವಳು ಮನೆಗೆ ಬಂದು ಶೂ ಬಿಚ್ಚುತ್ತ ಕೇಳಿದಳು:

"ಅಮ್ಮಾ, ಇಷ್ಟ್ ದಿನ ಆದ್ರೂ ಯು ಆರ್ ಸ್ಟಿಲ್ ಓಕ್ಯಾಕುಸಾನ್?"

"ಹಾಗಂದ್ರೆ?"

"ಗೆಸ್ಟ್. ಮೆಂಬರ್ಸ್ ಹ್ಯಾವ್ ದೇರ್ ಓನ್ ಕಪ್ಸ್. ಲಿಡ್, ಸಾಸರ್ ಎಲ್ಲ ಗೆಸ್ಟ್‌ಗೆ. ಆ ಚೇರ್ ಕೂಡ, ಫಾರ್ ಫ್ರಮ್ ದ ಡೋರ್. ಎವ್ರಿಬಡಿ ನೋಸ್."

"ಅವಳಿಗೆ ಅಷ್ಟೊಂದು ಬೈತಾರಲ್ಲ, ಅದು?"

"ಓನ್ ಪೀಪಲ್‌ಗೇ ತಾನೆ ಬೈಯೋದು? ಯು ಸ್ಕೋಲ್ಡ್ ಮಿ. ಪಕ್ಕದ ಮನೆ ಪಾಪುಗೆ 'ವೆರಿ ಗುಡ್, ವೆರಿ ಗುಡ್' ಅಂತೀಯ."

ಅಷ್ಟು ಹೇಳಿ ಫ್ರಿಜ್ ತೆಗೆದು ಮೊಸರು ಹುಡುಕತೊಡಗಿದಳು. ನಾನು ಬಾಗಿಲೊಳಗಿನ ಜಗಲಿಯಷ್ಟಗಲದ ಆ ಜಾಗದಲ್ಲೇ ಚಪ್ಪಲಿಗಳ ನಡುವೆ ಕುಳಿತುಬಿಟ್ಟೆ. ಇದೇನು ಜಪಾನಿನ ಗುಟ್ಟೇ? ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ. ಬಂದ ನೆಂಟರಿಗೆ ಬೆಳ್ಳಿ ಲೋಟ, ಉಪಚಾರದ ಮಾತು, ಬೈಗುಳ ಮನೆಯವರಿಗೆ. ಇಷ್ಟು ಓದಿದವಳಿಗೆ ಅದು ಹೊಳೆಯದೆ, ಕೆಲಸದವಳ ಲೋಟ ನೆನಪಾಯಿತು.

ಅವತ್ತು ಶುರುವಾಯಿತು ನೋಡಿ ಹೊಟ್ಟೆಉರಿ. ಅದುವರೆಗೂ ನನಗೆ ಹೊಟ್ಟೆಕಿಚ್ಚು ಎಂದರೆ ಯಾರದೋ ಸೀರೆ, ಯಾರದೋ ಸೈಟು ಎಂದಿಷ್ಟೇ ಗೊತ್ತಿತ್ತು. ಒಬ್ಬಳು ಬೈಸಿಕೊಳ್ಳುವುದನ್ನು ಕಂಡು ಹೊಟ್ಟೆ ಉರಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಸೆನ್ಸೇ ಕೆಂಪು ಪೆನ್ಸಿಲು ಕೈಗೆ ತೆಗೆದುಕೊಂಡರೆ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಅವಳ ಹಾಳೆಯ ಮೇಲೆ ಒಂದೊಂದು ಗೀಟು ಬಿದ್ದಾಗಲೂ ಇನ್ನೊಂದಿಷ್ಟು ಅವರ ಮನೆಯವಳಾದಳು ಎನ್ನಿಸುತ್ತಿತ್ತು. ನನ್ನ ಮುಂದೆ ಮುಚ್ಚಳದ ಬಟ್ಟಲು ಬಂದು ಕೂರುತ್ತಿತ್ತು.

ನಾನೂ ಬೈಸಿಕೊಳ್ಳಲು ಪ್ರಯತ್ನಪಟ್ಟೆ. ಒಂದು ವಾರ ಬೇಕೆಂದೇ ತಡವಾಗಿ ಹೋದೆ. ಸೆನ್ಸೇ ಎದ್ದು ನಿಂತು, ಇಂಥ ಚಳಿಯಲ್ಲಿ ನಿಮ್ಮನ್ನು ಬರುವಂತೆ ಮಾಡಿದೆವಲ್ಲ, ಸುಮಿಮಾಸೆನ್ ಎಂದು ತಾವೇ ಕ್ಷಮೆ ಕೇಳಿದರು. ಇನ್ನೊಂದು ವಾರ ಒಂದು ಸಾಲಿಗೆ ಬೇಕೆಂದೇ ತಪ್ಪು ಅರ್ಥ ಹೇಳಿದೆ. ಹೀಗೂ ಓದಬಹುದಲ್ಲ, ಬಹಳ ಸ್ವಾರಸ್ಯವಾಗಿದೆ ಎಂದರು. ನಾನೂ ನನ್ನದೊಂದು ಲೋಟ ತರುತ್ತೇನೆ ಎಂದೆ. ಛೆ ಛೆ, ನಿಮಗೆ ಅಂಥ ತೊಂದರೆ ಕೊಡಲಾದೀತೇ ಎಂದು ಡಾಕ್ಟರ ಹೆಂಡತಿ ಎರಡೂ ಕೈ ಆಡಿಸಿದರು. ಅಷ್ಟು ನಯವಾದ ಗೋಡೆಗೆ ಎಲ್ಲಿ ಅಂತ ಕೈ ಹಾಕುವುದು?

ನಾನು ಆಸೆ ಬಿಟ್ಟಿರಲಿಲ್ಲ. ಸೆನ್ಸೇಯ ಪುಸ್ತಕದಲ್ಲಿ ಒಂದು ಅಧ್ಯಾಯ ಬಾಕಿ ಉಳಿದಿತ್ತು, ದೊರೆಯ ಕೊನೆಗಾಲದ್ದು. ಗುಟ್ಟಿನ ಮತದಾನ ಬಂದ ಮೇಲೆ ಗೇಣಿದಾರರು ದೊರೆಯ ಮುಖ ನೋಡಿ ಓಟು ಹಾಕಬೇಕಾಗಿರಲಿಲ್ಲ. ಅವನ ಪಕ್ಷ ಗೆದ್ದಿತು, ಅವನು ಸೋತ. ಬಂಗಲೆಗೆ ಮರಳಿ ಉಳಿದ ಕಾಲ ಕಳೆದ. ಈ ಅಧ್ಯಾಯ ಬರೆಯುವ ಹೊತ್ತಿಗೆ ಸೆನ್ಸೇಯ ಕಣ್ಣು ಮಂಜಾಗಿತ್ತು. ಭೂತಗನ್ನಡಿ ಹಿಡಿದರೂ ಅಕ್ಷರಗಳು ಓಡುತ್ತವೆ ಎನ್ನುತ್ತಿದ್ದರು. ಇದನ್ನು ಕೂಟದವರೊಬ್ಬರು ಬರೆಯಬೇಕು ಎಂದು ಅವರು ಸೂಚಿಸಿದಂದಿನಿಂದ ಅದು ನನ್ನದೇ ಎಂದು ನಾನು ನಿಶ್ಚಯಿಸಿಕೊಂಡಿದ್ದೆ. ಎಲ್ಲ ಮೂಲಗಳನ್ನೂ ಓದಿದವಳು ನಾನು. ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ, ಆ ಹುಡುಗಿ ಜಪಾನೀ ಭಾಷೆಗೆ ತಿರುಗಿಸಲಿ ಎಂದು ಹೇಳಿಯೂ ಇದ್ದೆ. ಆ ಅಧ್ಯಾಯ ಕೈಗೆ ಬಂದರೆ ನಾನು ಇಲ್ಲಿ ಯಾರೋ ಒಬ್ಬಳಾಗುತ್ತೇನೆ. ಇಲ್ಲದಿದ್ದರೆ ಗುರುವಾರ ಚಹಾ ಕುಡಿದು ಹೋಗುವ ಹೆಂಗಸು.

ನಿರ್ಧಾರ ಹೇಳುವ ದಿನ ಸೆನ್ಸೇ ಅವಳ ಕಡೆ ತಿರುಗಿ, ಕೋರಿಕೆಯ ಧ್ವನಿಯೂ ಇಲ್ಲದೆ, "ನೀನು ಬರೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಅಂದವಾಗಿ ಬಟ್ಟೆ ಸುತ್ತಿದ ಕೇಕಿನ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ನೀಡಿ, ಇಷ್ಟು ಕಾಲ ಕೊಟ್ಟ ಅಮೂಲ್ಯ ನೆರವಿಗೆ ಎಂದು ಸೊಂಟ ಬಗ್ಗಿಸಿದರು. ಅರಿಗಾತೋ ಎಂದು ನಾನೂ ಬಗ್ಗಿದೆ. ಬಗ್ಗಿದ್ದು ಒಳ್ಳೆಯದೇ ಆಯಿತು, ನನ್ನ ಮುಖ ಯಾರಿಗೂ ಕಾಣಲಿಲ್ಲ.

ಸಂಜೆ ಅಪ್ಪ ಮಗಳು ಸೇರಿ ಕೇಕು ಕತ್ತರಿಸಿದರು. "ಸಖತ್ತಾಗಿದೆ ಕಣೇ, ನೀನ್ಯಾಕೆ ತಿಂತಿಲ್ಲ?" ಎಂದರು ಇವರು. ನನಗೆ ಮೈ ಪರಚಿಕೊಳ್ಳುವ ಹಾಗಾಗಿತ್ತು.

ನಮ್ಮ ಕಟ್ಟಡ ಮೂಲೆ ತಿರುಗಿದ ಕಟ್ಟಡ. ಐದನೇ ಮಹಡಿಯ ನಮ್ಮ ಬಾಲ್ಕನಿಯ ಪಡುವಣ ತುದಿಗೆ ನಿಂತರೆ ಮೂರನೇ ಮಹಡಿಯ ಆ ಹುಡುಗಿಯ ಮನೆಯ ಕಿಟಕಿ ಕಾಣುತ್ತಿತ್ತು. ಈಗ ಆ ಕಿಟಕಿಯ ಹಿಂದೆ ಅವಳು ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ದೊರೆಯನ್ನು ಬರೆಯುತ್ತಿದ್ದಳು. ತಲೆ ತಗ್ಗಿಸಿ, ತುಟಿ ಕಚ್ಚಿಕೊಂಡು, ನಡುನಡುವೆ ಎದ್ದು ಪುಸ್ತಕ ತೆಗೆದು ನೋಡುತ್ತ. ನಾನು ಬಟ್ಟೆ ಒಣಗಿಸಲು ಹೋದಾಗಲೆಲ್ಲ ಅದೇ ದೃಶ್ಯ. ಒಂದು ದಿನ ಎರಡು ದಿನ ತಡೆದೆ. ಆಮೇಲೆ ಹಾಸಿಗೆಯ ದೊಡ್ಡ ಬೆಡ್‌ಶೀಟುಗಳನ್ನು ಆ ತುದಿಗೆ ಅಡ್ಡಲಾಗಿ ಹಾಕಿಬಿಟ್ಟೆ. ಒಣಗಿದ ಮೇಲೂ ತೆಗೆಯಲಿಲ್ಲ. ಚಳಿಗಾಲದಲ್ಲಿ ನಮ್ಮ ಹಾಲಿಗೆ ಮಧ್ಯಾಹ್ನದ ಬಿಸಿಲು ಬರುತ್ತಿದ್ದುದೇ ಆ ಕಡೆಯಿಂದ.

"ಏನ್ ಮಾಡ್ತಿದೀಯ? ಇರೋ ಒಂಚೂರ್ ಬಿಸ್ಲನ್ನೂ ಬ್ಲಾಕ್ ಮಾಡಿದೀಯಲ್ಲ!" ಎಂದು ಶನಿವಾರ ಮನೆಯಲ್ಲಿದ್ದ ಇವರು ರೇಗಿದರು.

"ಬೆಡ್‌ಶೀಟ್ ಒಣಗಬೇಡ್ವಾ?"

"ಒಣಗಿ ಹಪ್ಪಳ ಆಗಿದೆ ಕಣೇ ಅದು!"

ನಾನು ಒಳಗೆ ಬಂದೆ. ಮೇಜಿನ ಮೇಲೆ ದೊರೆಯ ಜಮೀನಿನ ನಕ್ಷೆಯಿತ್ತು, ಸೆನ್ಸೇಗೆ ಹಿಂದಿರುಗಿಸಬೇಕೆಂದು ತೆಗೆದಿಟ್ಟದ್ದು. ಬಂಗಲೆ, ಅದರ ದಿವಾನಖಾನೆ, ಅದರ ದೊಡ್ಡ ಕಿಟಕಿಗಳು ಪಡುವಣಕ್ಕೆ. ಕಿಟಕಿಗಳ ಮುಂದೆ, ಬೇಲಿಯುದ್ದಕ್ಕೂ, ಒತ್ತೊತ್ತಾಗಿ ಪಾಪ್ಲರ್ ಮರಗಳ ಸಾಲು. ದೊರೆ ಚುನಾವಣೆ ಸೋತು ಬಂದ ಮೇಲೆ ನೆಡಿಸಿದ್ದು. ಕೊನೆಗಾಲದಲ್ಲಿ ಮರಗಿಡಗಳ ನಂಟು ಬೆಳೆಸಿಕೊಂಡ ಎಂದು ಸೆನ್ಸೇ ಅದನ್ನು ಮೆಚ್ಚಿ ಮೆಚ್ಚಿ ಹೇಳುತ್ತಿದ್ದರು. ನಾನು ನಕ್ಷೆಯನ್ನು ನೋಡಿದೆ, ತಲೆಯೆತ್ತಿ ನನ್ನ ಬೆಡ್‌ಶೀಟುಗಳನ್ನು ನೋಡಿದೆ. ಬೇಲಿಯ ಆಚೆ ಯಾರ ಜಮೀನು ಎಂದು ನೋಡುವ ಅಗತ್ಯವೇ ಇರಲಿಲ್ಲ. ಬಿಯರಿನವನ ಮೊಮ್ಮಗನದು. ಮಂತ್ರಿಯಾದ ಸಂಭ್ರಮಕ್ಕೆ ಅವನು ಗುಡ್ಡದ ಮೇಲಿನ ತನ್ನ ಮನೆಗೆ ಗಡಿಯಾರದ ಗೋಪುರ ಕಟ್ಟಿಸಿದ್ದನ್ನು ಪತ್ರಿಕೆಯಲ್ಲಿ ಓದಿ ಹೇಳಿದ್ದವಳು ನಾನೇ ತಾನೆ. ಬಿಸಿಲಿಗಾಗಿ ಬಾಯಿಬಾಯಿ ಬಿಡುವ ಆ ದೇಶದಲ್ಲಿ, ತನ್ನ ದಿವಾನಖಾನೆಗೆ ಬರುವ ಸಂಜೆಬಿಸಿಲನ್ನು ತಾನೇ ಮುಚ್ಚಿಕೊಂಡು ಕತ್ತಲಲ್ಲಿ ಕೂತ ಮನುಷ್ಯ! "ಅಯ್ಯೋ ನನ್ನಪ್ಪಾ" ಎಂದೆ ಗಟ್ಟಿಯಾಗಿ. ಇವರು ಏನಾಯಿತು ಎಂದು ಓಡಿಬಂದರು.

ಮುಂದಿನ ಗುರುವಾರ ಅವಳು ತನ್ನ ಅಧ್ಯಾಯದ ಮೊದಲ ಹಾಳೆಗಳನ್ನು ಓದಿದಳು. ನನಗೆ ತಿಳಿಯಲೆಂದು ಅಲ್ಲಲ್ಲಿ ಇಂಗ್ಲಿಷಿನಲ್ಲೂ ಹೇಳಿದಳು. ಸೋತ ದೊರೆ ಯಾರ ಮೇಲೂ ಕಹಿಯಿಲ್ಲದೆ ತನ್ನ ನೆಲಕ್ಕೆ ಮರಳಿ, ಮರ ನೆಡುತ್ತ ನೆಮ್ಮದಿಯಾಗಿ ಬಾಳಿದ ಎಂದು. ಸೆನ್ಸೇ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು.

"ಸುಳ್ಳು!" ಎಂದೆ, ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲಿ, ಅವನು ಹೊಟ್ಟೆಕಿಚ್ಚಿನಿಂದ ಸತ್ತ, ನೀವು ಯಾರೂ ಅವನನ್ನು ಅರ್ಥ ಮಾಡಿಕೊಂಡಿಲ್ಲ ಎಂದೆ. ಸುಮಿಮಾಸೆನ್ ಎಂದು ಸೇರಿಸುವುದನ್ನೂ ಮರೆತೆ. ಡಾಕ್ಟರು ತಮ್ಮ ಲೋಟದೊಳಗೆ ನೋಡತೊಡಗಿದರು. ಅವಳು ಹಾಳೆಗಳನ್ನು ಎದೆಗೊತ್ತಿಕೊಂಡಳು.

ಸೆನ್ಸೇ ಅಂಗೈಯಿಂದ ಮೇಜು ತಟ್ಟಿದರು. "ಇಲ್ಲ!" ಎಂದರು. "ನೀವು ತಪ್ಪು. ಮರ ಪ್ರೀತಿಸುವವನು ಮರ ನೆಟ್ಟ. ಆಧಾರವಿಲ್ಲದೆ ಸತ್ತವರ ಮೇಲೆ ಹೀಗೆ ಆರೋಪ ಹೊರಿಸುವುದೇ? ತೋರಿಸಿ, ಆಧಾರ ಎಲ್ಲಿದೆ?"

ಅವರ ಮುಖ ಕೆಂಪಾಗಿತ್ತು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ನಾನು ಎದ್ದು ಹೋಗಿ ಅವರ ಪಕ್ಕದಲ್ಲೇ, ಬಾಗಿಲ ಕಡೆಯ ಕುರ್ಚಿ ಎಳೆದುಕೊಂಡು ಕುಳಿತು ನಕ್ಷೆ ಬಿಡಿಸಿದೆ. ಮರ ಪ್ರೀತಿಸುವವನು ನಾಲ್ಕೂ ಕಡೆ ನೆಡುತ್ತಾನೆ, ಇವನು ನೆಟ್ಟದ್ದು ಒಂದೇ ಕಡೆ ಎಂದೆ. ನೆರಳು ಕೊಡುವ ಓಕ್ ಬಿಟ್ಟು, ಬೇಗ ಎತ್ತರ ಬೆಳೆಯುವ ಪಾಪ್ಲರ್ ಯಾಕೆ ಎಂದೆ. ಗೋಪುರದ ಸುದ್ದಿ ಬಂದ ಪತ್ರಿಕೆಯ ತುಣುಕನ್ನು ನಕ್ಷೆಯ ಪಕ್ಕಕ್ಕೆ ಇಟ್ಟೆ. ಸೆನ್ಸೇ ಹರೆಯದಲ್ಲಿ ತಾವೇ ತೆಗೆದ ಫೋಟೋ ಒಂದಿತ್ತು, ಬಂಗಲೆಯ ದಿವಾನಖಾನೆಯದು. ಹಾಡಹಗಲಲ್ಲಿ ದೀಪ ಹಚ್ಚಿದ್ದರು. ಅದನ್ನೂ ಇಟ್ಟೆ. ಅವರು ಭೂತಗನ್ನಡಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು, ಈ ಮನುಷ್ಯನ ಜೊತೆ ಇಷ್ಟು ವರ್ಷ ಇದ್ದೆ, ನನಗೆ ಕಾಣಲಿಲ್ಲ, ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು.

"ವಾತಾಶಿ ಮೋ" ಎಂದೆ. ನಾನೂ ಹಾಗೆಯೇ. ನನಗೆ ಬರುತ್ತಿದ್ದ ಜಪಾನೀ ಭಾಷೆಯೇ ಅಷ್ಟು.

ಡಾಕ್ಟರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ತಮಾಷೆ ಎಂದುಕೊಂಡು. ಅವಳು ನಗಲಿಲ್ಲ. ತಲೆಯೆತ್ತಿ ನನ್ನನ್ನೇ ನೋಡಿದಳು, ಆಮೇಲೆ ಹಾಳೆಗಳ ಕಡೆ ಕಣ್ಣಿಳಿಸಿದಳು. ಸೆನ್ಸೇ ಕೆಂಪು ಪೆನ್ಸಿಲು ತೆಗೆದುಕೊಂಡರು. ಅವರು ಅವಳ ಮೊದಲ ಹಾಳೆಯನ್ನು ಅಡ್ಡಡ್ಡ ಹೊಡೆದುಹಾಕಿ, ಅವಳ ಕಡೆ ತಿರುಗಿ, "ಬರೆದುಕೋ" ಎಂದರು.

ವಾಪಸು ಬರುವಾಗ ಲಿಫ್ಟಿನೊಳಗೆ ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ಪಾಯಿಂಟ್ ನಿಮ್ದು. ಆ ಪಾರ್ಟ್ ನೀವೇ ಬರೀರಿ ಪ್ಲೀಸ್, ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ. ಸೆನ್ಸೇಗೆ ನಾನೇ ಹೇಳ್ತೀನಿ."

ಒಪ್ಪಿಕೊಳ್ಳಬಹುದಿತ್ತು. ಅವಳ ಕೈಯಿಂದ, ಅವಳ ಶಿಫಾರಸಿನಿಂದ, ಅವಳು ಬಿಟ್ಟುಕೊಟ್ಟ ಜಾಗದಲ್ಲಿ. "ಬೇಡ ಕಣೇ, ನಿಂಗೆ ಹೇಳಿದಾರೆ, ನೀನೇ ಬರಿ" ಎಂದೆ ಕಡ್ಡಿ ಮುರಿದಂತೆ. ಅವಳ ಮಹಡಿ ಬಂತು, ಇಳಿದುಹೋದಳು.

ಬರೆದಳು. ಸೆನ್ಸೇ ಮತ್ತೆ ಮತ್ತೆ ಗೀಚಿ ವಾ‍ಪಸು ಕೊಟ್ಟರು. ಒಮ್ಮೆ ಅವಳು ಅತ್ತಳು ಕೂಡ. ನನಗೆ ಆ ಅಳುವಿನ ಮೇಲೂ ಆಸೆಯಾಯಿತು. ನನ್ನ ಪಾಲಿಗೆ ಆ ಒಂದೇ ಗುರುವಾರದ ಗದರಿಕೆ. ಮರುವಾರದಿಂದ ಸೆನ್ಸೇ ಮತ್ತೆ ನನಗೆ ತಲೆಬಾಗತೊಡಗಿದರು, ಮೊದಲಿಗಿಂತ ಒಂದಿಷ್ಟು ಹೆಚ್ಚಾಗಿಯೇ.

ಪುಸ್ತಕ ಅಚ್ಚಾಗಿ ಬಂದ ಸಂಜೆ ಇವರು ಫೋನಿನ ಕ್ಯಾಮೆರಾ ಹಿಡಿದು ಕೊನೆಯ ಪುಟ ಓದಿದರು. ಬರೆದವರು ಋಣ ನೆನೆಯುವ ಪುಟ. ಮೊಟ್ಟಮೊದಲು ನನ್ನ ಹೆಸರೇ, ದೇವರಿಗೆ ಸೇರಿಸುವಂಥ ಗೌರವದ ಪದ ಸೇರಿಸಿ. ದೂರದೇಶದ ಈ ವಿದುಷಿ ತಮ್ಮ ಅಮೂಲ್ಯ ಸಮಯ ಕೊಟ್ಟು ದೊರೆಯ ಮರಗಳ ಅರ್ಥ ತಿಳಿಸಿದರು, ನಾವು ಚಿರಋಣಿಗಳು ಎಂದು ಉದ್ದಕ್ಕೂ ಬರೆದಿತ್ತು.

"ಅಬ್ಬಾ, ಎಷ್ಟೊಂದು ಹೊಗಳಿದಾರೆ! ಮತ್ತೆ ನೋಡಿಲ್ಲಿ, ಅವಳ ಹೆಸ್ರು ಎಲ್ಲೂ ಇಲ್ಲ ಕಣೇ! ಇಡೀ ಚಾಪ್ಟರ್ ಬರೆದೋಳು, ಒಂದು ಥ್ಯಾಂಕ್ಸೂ ಇಲ್ಲ!" ಎಂದು ಕುಣಿದಾಡಿದರು. ಆ ಪುಟದ ಫೋಟೋ ತೆಗೆದು ತಮ್ಮ ಅಮ್ಮನಿಗೆ, ಅಣ್ಣನಿಗೆ, ನಮ್ಮ ಮನೆಯವರ ಗ್ರೂಪಿಗೆ ಎಲ್ಲ ಕಳಿಸಿದರು. ಫೋನು ಟಿಣ್ ಟಿಣ್ ಎನ್ನತೊಡಗಿತು.

ನಾನು ಪುಸ್ತಕ ಕಸಿದುಕೊಂಡು ಆ ಪುಟದ ಕೊನೆಯ ಸಾಲಿಗೆ ನನ್ನ ಫೋನು ಹಿಡಿದೆ. ಈ ಪುಸ್ತಕದಲ್ಲಿ ಉಳಿದಿರುವ ತಪ್ಪುಗಳೆಲ್ಲ ನಮ್ಮ ಕೂಟದವರವು ಎಂದಿತ್ತು. ಅವಳಿಗೆ ತಪ್ಪುಗಳಲ್ಲೂ ಪಾಲು ಸಿಕ್ಕಿತ್ತು.